ಹೆಬ್ಬೆಟ್ಟು

ನವೆಂಬರ್ ಬಂತೆಂದರೆ
ನಾನು ಬದುಕಿದ್ದೇನೆಂದು ಹೋಗಿ ಹೇಳಿ ಬರಬೇಕು.
ಬಾಯಲ್ಲಿ ಹೇಳಿದರೆ ಸಾಲದು. ಬೆರಳು ಹೇಳಬೇಕು.

ಈರನಗೆರೆಯ ಸ್ಟಾಪಿನಲ್ಲಿ ಬಸ್ಸಿನ ಮೊದಲ ಮೆಟ್ಟಿಲು
ವರ್ಷಕ್ಕೊಂದು ಇಂಚು ಬೆಳೆಯುತ್ತದೆ.
ಹಿಂದಿನಿಂದ ಒಂದು ಅಂಗೈ ಬೆನ್ನಿಗೆ ಆನಿತು.
ತಳ್ಳಲಿಲ್ಲ, ಸುಮ್ಮನೆ ಇತ್ತು,
ಗೋಡೆಗೆ ಏಣಿ ಒರಗಿಸಿದ ಹಾಗೆ.
ತಿರುಗುವಷ್ಟರಲ್ಲಿ ಬಸ್ಸು ತುಂಬಿತ್ತು.
ಯಾರ ಕೈಯೋ. ಬಳೆ ಸದ್ದಾಗಿತ್ತು, ಅಷ್ಟೇ ಗೊತ್ತು.

ಆಧಾರ್ ತೋರಿಸಲು ಚೀಲದೊಳಗೆ ಕೈಯಾಡಿಸಿದೆ:
ಕನ್ನಡಕದ ಡಬ್ಬಿ, ಮಾತ್ರೆ ಚೀಟಿ, ವೀಳ್ಯದೆಲೆ,
ಮತ್ತೆ ಅದೇ ಕನ್ನಡಕದ ಡಬ್ಬಿ.
"ಇರ್ಲಿ ಬುಡವ್ವ, ನಿನ್ ಮುಖನೇ ಕಾರ್ಡು" ಎಂದು
ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ.
ಆ ಮಾತನ್ನು ಬ್ಯಾಂಕಿನವರಿಗೂ ಯಾರಾದರೂ ಹೇಳಬೇಕಿತ್ತು.

ಟೋಕನ್ ಅರವತ್ತೆರಡು.
"ಹೆಬ್ಬೆಟ್ಟು ಒತ್ತಿ."

ನಾನು ಹೆಬ್ಬೆಟ್ಟಲ್ಲ ತಮ್ಮಾ.
ನರಸೀಪುರದ ಫಿಲೇಚರಿನಲ್ಲಿ ಪಾಳಿ ಮುಗಿಸಿ
ರಾತ್ರಿ ಶಾಲೆಯ ಮಂಕು ಬಲ್ಬಿನ ಕೆಳಗೆ
'ಚೆನ್ನಾಜಮ್ಮ' ಎಂದು ಬರೆಯಲು ಕಲಿತವಳು.
ಎರಡು ಒತ್ತಿನ ಹೆಸರು, ಸುಲಭವಲ್ಲ.
ಮೂವತ್ತೊಂದು ವರ್ಷ ಸಂಬಳದ ಪುಸ್ತಕದಲ್ಲಿ ಸಹಿ ಹಾಕಿದ್ದೇನೆ,
ಒಂದು ತಿಂಗಳೂ ಬೆರಳಿಗೆ ಮಸಿ ಮುಟ್ಟಿಸಿಲ್ಲ.
ಈಗ, ಈ ವಯಸ್ಸಿಗೆ, ಗಾಜಿನ ಮೇಲೆ.

ಇಟ್ಟೆ. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟೆ. ಕೆಂಪು.
ಎಡಗೈ. ತೋರುಬೆರಳು. ಕೆಂಪು, ಕೆಂಪು.
ಗೂಡು ಕುದಿಯುವ ಬಾಣಲೆಯಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ನನ್ನ ಬೆರಳಿನ ಗೆರೆಗಳೂ ನೂಲಿನ ಜೊತೆ ಬಿಚ್ಚಿಕೊಂಡು
ಯಾರದೋ ಧಾರೆ ಸೀರೆಯೊಳಗೆ ಸೇರಿಹೋಗಿವೆ.
ಮೆಷೀನಿಗೆ ಅದನ್ನು ಹೇಗೆ ಹೇಳುವುದು.

ಹಿಂದೆ ಸಾಲು ಕೆಮ್ಮಿತು.
ಯಾರೋ "ಅಯ್ಯೋ" ಅಂದರು, ಕನಿಕರವೋ ಬೇಸರವೋ.
ಎಲ್ಲರ ಮುಂದೆ, ಸ್ವಲ್ಪ ಸ್ವಲ್ಪವೇ,
ನಾನು ಇಲ್ಲವಾಗುತ್ತಿದ್ದೆ.

ಅರವತ್ತಮೂರನೇ ಟೋಕನ್ನಿನ ಹುಡುಗಿ,
ಊಟ ತಲುಪಿಸುವವರ ಕಿತ್ತಳೆ ಅಂಗಿ, ತೋಳಿಗೆ ಹೆಲ್ಮೆಟ್ಟು,
"ಕೈ ಕೊಡಿ ಅಜ್ಜಿ" ಎಂದಳು.
ಕೊಡುವವರೆಗೆ ಕಾಯಲಿಲ್ಲ, ತೆಗೆದುಕೊಂಡಳು.
ಜೇಬಿನಿಂದ ತುಟಿಗೆ ಹಚ್ಚುವ ವ್ಯಾಸಲೀನಿನ ಪುಟ್ಟ ಡಬ್ಬಿ.
ನನ್ನ ಹೆಬ್ಬೆರಳಿಗೆ ಸವರಿ ತಿಕ್ಕಿದಳು,
ಹಸುಗೂಸಿನ ಕಾಲು ನೀವುವಂತೆ,
ಅವಳ ಫೋನು ಮೂರು ಸಲ ಬಡಿದುಕೊಂಡರೂ.
"ನಮ್ಮಮ್ಮಂದೂ ಹಿಂಗೇ. ಊದುಬತ್ತಿ ಹೊಸ್ದು ಹೊಸ್ದು."
ಆಮೇಲೆ ತನ್ನ ಬೆರಳನ್ನು ನನ್ನ ಬೆರಳ ಮೇಲಿಟ್ಟು
ಗಾಜಿಗೆ ಒತ್ತಿದಳು. "ಉಸಿರು ಬಿಡಿ."

ಹಸಿರು.

ಗುಮಾಸ್ತ ತಲೆಯೆತ್ತದೆ "ಆಯ್ತಮ್ಮ, ಇದ್ದೀರಿ" ಎಂದ.
ಸಾಲಿನಲ್ಲಿ ಯಾರೋ ನಕ್ಕರು. ನಾನೂ.

ಹೆಸರು ಕೇಳೋಣವೆಂದು ತಿರುಗಿದರೆ
ಅವಳು ಪಕ್ಕದ ಕೌಂಟರಿನಲ್ಲಿ ಗಾಡಿ ಸಾಲದ ಕಂತಿಗಾಗಿ
ಜಗಳಕ್ಕೆ ನಿಂತಿದ್ದಳು, ದನಿ ಏರಿತ್ತು.
ಅವಳ ಪರವಾಗಿ ಒಂದು ಮಾತು ಆಡಬೇಕಿತ್ತೇನೋ.
ಆಡಲಿಲ್ಲ. ಬಸ್ಸಿನ ಹೊತ್ತಾಗಿದೆ ಎಂದುಕೊಂಡೆ.
ಬಸ್ಸಿಗೇನು, ಹತ್ತು ನಿಮಿಷಕ್ಕೊಂದು.

ಮಾರ್ಕೆಟ್ಟಿನ ಹೊರಗೆ ದಂಟಿನ ಸೊಪ್ಪು ಕೊಂಡೆ.
ಐದು ರೂಪಾಯಿ ಚಿಲ್ಲರೆ ಇರಲಿಲ್ಲ.
"ನಾಳಿಕ್ ಕೊಡು" ಎಂದಳು, ಮುಖವನ್ನೂ ನೋಡದೆ.
ನಾಳೆ ನಾನು ಇರುತ್ತೇನೆಂದು
ಅವಳಿಗೆ ಯಾವ ಮೆಷೀನೂ ಹೇಳಿರಲಿಲ್ಲ.

ಮನೆಯಲ್ಲಿ ಕೈ ತೊಳೆಯಲು ನಲ್ಲಿ ತಿರುಗಿಸಿ
ಮತ್ತೆ ನಿಲ್ಲಿಸಿದೆ.
ಹೆಬ್ಬೆರಳಲ್ಲಿ ಇನ್ನೂ ಜಿಡ್ಡು, ಸ್ಟ್ರಾಬೆರಿ ವಾಸನೆ.
"ಕೈಗೇನಾಯ್ತಕ್ಕ?" ತಂಗಿ ಕೇಳಿದಳು.
ಏನಿಲ್ಲ ಅಂದೆ.
ಎಡಗೈಯಲ್ಲೇ ಸೊಪ್ಪು ಬಿಡಿಸಲು ಕೂತೆ.
ಬಹಳ ಹೊತ್ತು ಹಿಡಿಯಿತು.
ಹಿಡಿಯಲಿ.